ಪ್ರಯಾಣದ ಪಾಯಿಂಟಿನ ಬಿಸಿನೆಸ್ ಕಾರ್ಡು: ಮೊದಲು ಕೀರ್ದಿ ತೆಗೆಯಿರಿ

ದೀಪಾವಳಿ ಮುಗಿದು ಹೊಸ ಕೀರ್ದಿಗೆ, ಅಂದರೆ ಲೆಕ್ಕದ ಪುಸ್ತಕಕ್ಕೆ, ಪೂಜೆ ಆದ ವಾರ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಗೆಳೆಯ ಬಂದು ಲೆಕ್ಕ ಬರೆಯುವ ನನ್ನ ಮೇಜಿನ ಮೇಲೆ ಎರಡು ಬಣ್ಣಬಣ್ಣದ ಕಾಗದ ಇಟ್ಟ. ಎರಡೂ ಬಿಸಿನೆಸ್ ಕ್ರೆಡಿಟ್ ಕಾರ್ಡಿನವು, ಉಜ್ಜಿದಷ್ಟಕ್ಕೂ ಪಾಯಿಂಟು, ಪಾಯಿಂಟು ಕೂಡಿದರೆ ಟಿಕೆಟ್ ಎಂಬ ಬಗೆಯವು. "ಇದನ್ನ ತಗೊಂಡ್ರ ವರ್ಷಕ್ಕೊಮ್ಮೆ ಸಿಂಗಾಪುರಕ್ಕ ಪುಕ್ಕಟೆ ಹೋಗಿ ಬರಬಹುದಂತ. ಯಾವುದು ತಗೊಳ್ಳಲಿ, ಹೇಳು."

ಕಾಗದ ಪಕ್ಕಕ್ಕಿಟ್ಟು ಅವನ ಕಳೆದ ವರ್ಷದ ಖರ್ಚಿನ ಖಾತೆ ತೆಗೆದೆ. ಅವನಿಗೆ ಸಿಟ್ಟು ಬಂತು. ಸಿಂಗಾಪುರದ ಮಾತಾಡಲು ಬಂದವನಿಗೆ ಡೀಸೆಲ್ ಬಿಲ್ಲು ತೋರಿಸಿದರೆ ಯಾರಿಗಾದರೂ ಸಿಟ್ಟೇ. ಆದರೆ ಈ ಪ್ರಶ್ನೆಗೆ ಉತ್ತರ ಇರುವುದು ಕೀರ್ದಿಯಲ್ಲೇ, ಬ್ಯಾಂಕಿನವರ ಕಾಗದದಲ್ಲಲ್ಲ.

ತಿಂಗಳಿಗೆ ಅವನ ಖರ್ಚು 12 ಲಕ್ಷದ ಆಸುಪಾಸು. ಅದರಲ್ಲಿ ಕಚ್ಚಾ ಮಾಲಿಗೆ 8 ಲಕ್ಷ, ಅದು ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಆರ್‌ಟಿಜಿಎಸ್‌ನಲ್ಲಿ ಹೋಗುತ್ತದೆ. ಪಗಾರ 1.6 ಲಕ್ಷ. ಶೆಡ್ಡಿನ ಬಾಡಿಗೆ 60 ಸಾವಿರ, ಜಿಎಸ್‌ಟಿ ಇನ್ನೊಂದು 60 ಸಾವಿರ, ಲಾರಿ ಬಾಡಿಗೆ ಮತ್ತು ಡೀಸೆಲ್ ಸೇರಿ 50 ಸಾವಿರ, ಕರೆಂಟಿಗೆ 15 ಸಾವಿರ. ಕೊನೆಗೆ ಉಳಿಯುವುದು ಜಾಹೀರಾತು, ಸಾಫ್ಟ್‌ವೇರ್, ಫೋನು, ಸಣ್ಣಪುಟ್ಟ ಸಾಮಾನಿಗೆ 30 ಸಾವಿರ ಮತ್ತು ಓಡಾಟಕ್ಕೆ 25 ಸಾವಿರ. ಪಾಯಿಂಟು ಸಿಗುವುದು ಹೆಚ್ಚುಕಡಿಮೆ ಈ ಕೊನೆಯ 55 ಸಾವಿರಕ್ಕೆ ಮಾತ್ರ. 12 ಲಕ್ಷ ಖರ್ಚಿನವನು ಎಂದು ಬ್ಯಾಂಕಿನ ಹುಡುಗ ಅವನಿಗೆ ಸಿಂಗಾಪುರ ತೋರಿಸಿದ್ದ. ಕಾರ್ಡಿನ ಕಣ್ಣಿಗೆ ಇವನು 55 ಸಾವಿರದ ಗಿರಾಕಿ.

ಪಾಯಿಂಟಿನ ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಇದು ತಾನಾಗಿಯೇ ಅರ್ಥವಾಗುತ್ತದೆ. ಅಂಗಡಿಯಲ್ಲಿ 100 ರೂಪಾಯಿಗೆ ಕ್ರೆಡಿಟ್ ಕಾರ್ಡು ಉಜ್ಜಿದರೆ ಅಂಗಡಿಯವರ ಕೈಗೆ ಸುಮಾರು 98 ರೂಪಾಯಿ ಸೇರುತ್ತದೆ. ಉಳಿದ ಎರಡು ರೂಪಾಯಿಯಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ಸ್ವಲ್ಪ ಭಾಗ ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ, ಸ್ವಲ್ಪ ಅಂಗಡಿಗೆ ಮಷಿನ್ ಕೊಟ್ಟ ಬ್ಯಾಂಕಿಗೆ. ಬ್ಯಾಂಕು ತನ್ನ ಪಾಲಿನಿಂದಲೇ ಒಂದಿಷ್ಟನ್ನು ಪಾಯಿಂಟು ಎಂದು ನಿಮಗೆ ಕೊಡುತ್ತದೆ. ಎಲ್ಲಿ ಆ ಪಾಲು ಕಡಿಮೆಯೋ ಅಲ್ಲಿ ಪಾಯಿಂಟು ಇಲ್ಲ, ಇದ್ದರೂ ಮಿತಿ ಇರುತ್ತದೆ. ಪೆಟ್ರೋಲ್ ಬಂಕು, ಕರೆಂಟು ಬಿಲ್ಲು, ಸರಕಾರಿ ಶುಲ್ಕ, ವಾಲೆಟ್ ತುಂಬಿಸುವುದು, ವಿಮೆ ಇವೆಲ್ಲ ಹಾಗೇ. ಬ್ಯಾಂಕ್ ಖಾತೆಯಿಂದ ನೇರ ಹೋಗುವ ಯುಪಿಐಗೆ 2020ರ ಜನವರಿಯಿಂದ ಅಂಗಡಿಯವರು ಶುಲ್ಕವನ್ನೇ ಕೊಡಬೇಕಿಲ್ಲ, ಹಾಗಾಗಿ ಅಲ್ಲಿ ಹಂಚಿಕೊಳ್ಳಲು ಏನೂ ಇಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಕಥೆ ಬೇರೆ. 2022ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು, ಹಲವು ಕಾರ್ಡುಗಳು ಇದಕ್ಕೂ ಅಷ್ಟಿಷ್ಟು ಪಾಯಿಂಟು ಕೊಡುತ್ತವೆ.

ಯಾವ ಖರ್ಚು ಯಾವ ಬಗೆಯದು ಎಂದು ಬ್ಯಾಂಕಿಗೆ ತಿಳಿಯುವುದು ನಾಲ್ಕು ಅಂಕಿಯ ಒಂದು ಕೋಡ್‌ನಿಂದ. ಪ್ರತಿ ವ್ಯಾಪಾರಿಗೂ ಅಂಥ ಕೋಡ್ ಇರುತ್ತದೆ. ಹೋಟೆಲಿಗೆ 7011, ಟ್ರಾವೆಲ್ ಏಜೆಂಟರಿಗೆ 4722, ಪೆಟ್ರೋಲ್ ಬಂಕಿಗೆ 5541. ನೀವು ಕೊಂಡದ್ದು ಏನು ಎಂಬುದು ಬ್ಯಾಂಕಿಗೆ ಬೇಕಿಲ್ಲ, ಮಾರಿದವರ ಕೋಡ್ ಯಾವುದು ಎಂಬುದಷ್ಟೇ ಮುಖ್ಯ. ಇದರಿಂದ ಒಂದು ಪೆಟ್ಟು ಬೀಳುತ್ತದೆ. "ವಿಮಾನ ಟಿಕೆಟ್ಟಿಗೆ 5 ಪಾಯಿಂಟು" ಎಂದು ಬರೆದ ಕಾರ್ಡಿನಿಂದ ನೀವು ಊರಿನ ಏಜೆಂಟರ ಹತ್ತಿರ ಟಿಕೆಟ್ ಮಾಡಿಸಿದರೆ ಅದು ಬ್ಯಾಂಕಿಗೆ 4722 ಎಂದು ಕಾಣುತ್ತದೆ. ವಿಮಾನ ಕಂಪನಿಯ ಜಾಲತಾಣದಲ್ಲೇ ಕೊಂಡರೆ ಮಾತ್ರ 5 ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ನಿಮ್ಮ 5 ಪಾಯಿಂಟು 2ಕ್ಕೆ ಇಳಿಯಿತು.

ಒಂದು ಪಾಯಿಂಟಿಗೆ ಎಷ್ಟು ಪೈಸೆ?

ಬಣ್ಣದ ಕಾಗದದಲ್ಲಿ ಪಾಯಿಂಟಿನ ಸಂಖ್ಯೆ ದೊಡ್ಡದಾಗಿರುತ್ತದೆ, ಬೆಲೆ ಎಲ್ಲಿಯೂ ಇರುವುದಿಲ್ಲ. ಗೆಳೆಯ ತಂದ ಒಂದು ಕಾರ್ಡು 100 ರೂಪಾಯಿಗೆ 2 ಪಾಯಿಂಟು, ವಿಮಾನ ಕಂಪನಿಯಲ್ಲಿ ನೇರ ಕೊಂಡರೆ 5 ಪಾಯಿಂಟು ಕೊಡುತ್ತಿತ್ತು, ವರ್ಷದ ಶುಲ್ಕ 5,000. ಇನ್ನೊಂದು 150 ರೂಪಾಯಿಗೆ 5 ಪಾಯಿಂಟು, ಶುಲ್ಕ 1,000, ಅದೂ ವರ್ಷಕ್ಕೆ 3 ಲಕ್ಷ ಖರ್ಚು ಮಾಡಿದರೆ ಮನ್ನಾ. ಬ್ಯಾಂಕುಗಳ ಹೆಸರು ಇಲ್ಲಿ ಬೇಡ, ಇಂಥವು ಪೇಟೆಯಲ್ಲಿ ಬೇಕಾದಷ್ಟಿವೆ, ಷರತ್ತುಗಳೂ ಆಗಾಗ ಬದಲಾಗುತ್ತವೆ. ಎರಡನೆಯ ಕಾರ್ಡಿನ ಪಾಯಿಂಟಿಗೆ ಬ್ಯಾಂಕೇ 30 ಪೈಸೆ ಎಂದು ಬೆಲೆ ಕಟ್ಟಿತ್ತು. 150ಕ್ಕೆ ಐದು ಮೂವತ್ತು ಪೈಸೆ ಅಂದರೆ ಒಂದೂವರೆ ರೂಪಾಯಿ, ಶೇ 1. ಲೆಕ್ಕ ಮುಗಿಯಿತು. (150ರ ಗುಂಪು ಎಂದರೆ 149 ರೂಪಾಯಿಗೆ ಏನೂ ಇಲ್ಲ, 290ಕ್ಕೂ ಐದೇ ಪಾಯಿಂಟು. ಸಣ್ಣ ಖರ್ಚು ಹೆಚ್ಚಿದ್ದವರಿಗೆ ಇದು ಸೋರುವ ಕೊಡ.)

ಮೊದಲ ಕಾರ್ಡಿನ ಲೆಕ್ಕ ಅಷ್ಟು ಸಲೀಸಲ್ಲ. ಅದರ ಪಾಯಿಂಟನ್ನು ವಿಮಾನ ಕಂಪನಿಯ ಸದಸ್ಯತ್ವ ಖಾತೆಗೆ ವರ್ಗಾಯಿಸಿ ಅಲ್ಲಿ ಟಿಕೆಟ್ ಪಡೆಯಬೇಕು. ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಇಂಡಿಗೋದ್ದು ಬ್ಲೂಚಿಪ್, ಸಿಂಗಾಪುರ ಏರ್‌ಲೈನ್ಸಿನದು ಕ್ರಿಸ್‌ಫ್ಲೈಯರ್. ಪಾಯಿಂಟಿನ ಬೆಲೆ ತಿಳಿಯಲು ನೀವು ನಿಜವಾಗಿ ಹೋಗುವ ಮಾರ್ಗದ ಒಂದು ಟಿಕೆಟ್ ಹಿಡಿದು ನೋಡಬೇಕು. ಹೀಗೆ ಇಟ್ಟುಕೊಳ್ಳಿ: ದುಡ್ಡು ಕೊಟ್ಟರೆ ಟಿಕೆಟ್ 6,200 ರೂಪಾಯಿ. ಪಾಯಿಂಟಿನಲ್ಲಾದರೆ 9,000 ಪಾಯಿಂಟು, ಅದರ ಮೇಲೆ ತೆರಿಗೆ ಮತ್ತು ನಿಲ್ದಾಣದ ಶುಲ್ಕ ಎಂದು 1,100 ರೂಪಾಯಿ. "ಪುಕ್ಕಟೆ" ಟಿಕೆಟ್ ಎಂದರೂ ಈ ಭಾಗ ಕೈಯಿಂದಲೇ ಹೋಗುತ್ತದೆ. ಹಾಗಾದರೆ ಉಳಿದದ್ದು 5,100. ದುಡ್ಡು ಕೊಟ್ಟು ಕೊಂಡಿದ್ದರೆ ಅದರಲ್ಲಿದ್ದ ಸುಮಾರು 240 ರೂಪಾಯಿ ಜಿಎಸ್‌ಟಿಯನ್ನು ವ್ಯಾಪಾರದ ಲೆಕ್ಕದಲ್ಲಿ ವಾಪಸ್ ಪಡೆಯಬಹುದಿತ್ತು, ಅದೂ ಹೋಯಿತು. 4,860ನ್ನು 9,000ದಿಂದ ಭಾಗಿಸಿದರೆ 54 ಪೈಸೆ.

ಈಗ ಎರಡೂ ಕಾರ್ಡನ್ನು ತಕ್ಕಡಿಗೆ ಹಾಕೋಣ. ಗೆಳೆಯನ 55 ಸಾವಿರದಲ್ಲಿ ವಿಮಾನಕ್ಕೆ ಹೋಗುವುದು ತಿಂಗಳಿಗೆ 10 ಸಾವಿರ. ಮೊದಲ ಕಾರ್ಡಿನಲ್ಲಿ ಅದಕ್ಕೆ 500 ಪಾಯಿಂಟು, ಉಳಿದ 45 ಸಾವಿರಕ್ಕೆ 900. ವರ್ಷಕ್ಕೆ 16,800 ಪಾಯಿಂಟು, 54 ಪೈಸೆಯಂತೆ 9,072 ರೂಪಾಯಿ. ಶುಲ್ಕ 5,000 ಕಳೆದರೆ ಕೈಗೆ 4,072. ಎರಡನೆಯ ಸಪ್ಪೆ ಕಾರ್ಡಿನಲ್ಲಿ ವರ್ಷದ 6.6 ಲಕ್ಷಕ್ಕೆ ಶೇ 1, ಅಂದರೆ 6,600, ಶುಲ್ಕ ಮನ್ನಾ. ಸಿಂಗಾಪುರದ ಚಿತ್ರವಿದ್ದ ಕಾರ್ಡು ಸೋತಿತು.

ಆದರೆ ಇದೇ ಮನುಷ್ಯ ತಿಂಗಳಿಗೆ 60 ಸಾವಿರ ವಿಮಾನಕ್ಕೆ ಖರ್ಚು ಮಾಡುವವನಾಗಿದ್ದರೆ? ಆಗ ಮೊದಲ ಕಾರ್ಡಿನಲ್ಲಿ ವರ್ಷಕ್ಕೆ 46,800 ಪಾಯಿಂಟು, ಶುಲ್ಕ ಕಳೆದು 20 ಸಾವಿರಕ್ಕಿಂತ ಹೆಚ್ಚು, ಎರಡನೆಯದರಲ್ಲಿ 12,600. ಕಾರ್ಡು ಅದೇ, ಕೀರ್ದಿ ಬೇರೆ, ಉತ್ತರವೂ ಬೇರೆ. ನನ್ನ ಗೆಳೆಯ ಪುಣೆಗೆ ಹೋಗುವುದು ರಾತ್ರಿ ಸ್ಲೀಪರ್ ಬಸ್ಸಿನಲ್ಲಿ, ಕೊಯಮತ್ತೂರಿಗೆ ರೈಲಿನಲ್ಲಿ. ಅವನಿಗೆ ವಿಮಾನದ ಕಾರ್ಡು ತೋರಿಸಿದ್ದೇ ತಪ್ಪು.

ಮಾರ್ಗದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಕೂತವರಿಗೆ ಯಾವ ವಿಮಾನ ಕಂಪನಿಯ ಪಾಯಿಂಟಾದರೂ ಒಂದಲ್ಲ ಒಂದು ದಿನ ಉಪಯೋಗಕ್ಕೆ ಬಂದೀತು. ಹುಬ್ಬಳ್ಳಿ, ಶಿವಮೊಗ್ಗದಂಥ ಊರಿನವರು ಮೊದಲು ತಮ್ಮ ನಿಲ್ದಾಣದಿಂದ ಹಾರುವವರು ಯಾರು ಎಂದು ನೋಡಬೇಕು. ನಿಮ್ಮ ಊರಿಗೆ ಬಾರದ ಕಂಪನಿಯ ಪಾಯಿಂಟು ಕೂಡಿಟ್ಟರೆ ಅದನ್ನು ಖರ್ಚು ಮಾಡಲು ಮೊದಲು ಬೆಂಗಳೂರಿಗೆ ದುಡ್ಡು ಕೊಟ್ಟು ಹೋಗಬೇಕು. ಹೊರದೇಶಕ್ಕೆ ನಿಜವಾಗಿಯೂ ಓಡಾಡುವವರ ಲೆಕ್ಕ ಬೇರೆ. ಯುರೋಪಿನ ಖರೀದಿದಾರರನ್ನು ಕಾಣಲು ಹೋಗುವ ಚಿಕ್ಕಮಗಳೂರಿನ ಕಾಫಿ ರಫ್ತುದಾರರಿಗೆ ಒಂದು ಪಾಯಿಂಟಿನಿಂದ 54 ಪೈಸೆಗಿಂತ ಎಷ್ಟೋ ಹೆಚ್ಚು ಹುಟ್ಟಬಹುದು, ಏಕೆಂದರೆ ದೂರದ ಮಾರ್ಗದ ಬಿಸಿನೆಸ್ ಕ್ಲಾಸ್ ಟಿಕೆಟ್ ದುಡ್ಡಿನಲ್ಲಿ ವಿಪರೀತ ದುಬಾರಿ. ದುಡ್ಡು ಕೊಟ್ಟು ನೀವು ಎಂದೂ ಕೂರದ ಸೀಟಿನ ಬೆಲೆಯನ್ನು ಲಾಭದ ಕಡೆ ಬರೆಯುವುದು ಮಾತ್ರ ನನ್ನ ಪ್ರಕಾರ ಆತ್ಮವಂಚನೆ.

ಪಾಯಿಂಟು ನುಂಗುವ ಬಾಯಿಗಳು

"ಮತ್ತ ಆ 8 ಲಕ್ಷದ ಮಾಲನ್ನೂ ಕಾರ್ಡಿನ್ಯಾಗ ತಂದ್ರ?" ಎಂದು ಗೆಳೆಯ ಕೇಳಿದ. ಒಳ್ಳೆಯ ಪ್ರಶ್ನೆ. ಎರಕದ ಮಾಲು ಕೊಡುವವರನ್ನು ವಿಚಾರಿಸಿದ್ದಾಯಿತು. ಕಾರ್ಡು ತೆಗೆದುಕೊಳ್ಳುತ್ತೇವೆ, ಮೇಲೆ ಶೇ 2 ಬೀಳುತ್ತದೆ ಎಂದರು. ಒಂದು ಲಕ್ಷಕ್ಕೆ 2,000 ಹೆಚ್ಚು ಕೊಟ್ಟು 1,080 ರೂಪಾಯಿ ಬೆಲೆಯ ಪಾಯಿಂಟು ತರುವ ವ್ಯವಹಾರ ಅದು.

ಹಾಗೆಂದು ಯಾವಾಗಲೂ ಬೇಡ ಎನ್ನಲಾರೆ. ಕಾರ್ಡಿನ ನಿಜವಾದ ಲಾಭ ಎಷ್ಟೋ ಸಲ ಪಾಯಿಂಟಲ್ಲ, ವಾಯಿದೆ. ಬಿಲ್ಲು ಬಂದ ಮರುದಿನ ಕೊಂಡರೆ ಸುಮಾರು 45 ದಿನ ಬಡ್ಡಿಯಿಲ್ಲದ ಉದ್ರಿ ಸಿಗುತ್ತದೆ, ಮಾಲು ಕೊಟ್ಟವರಿಗೆ ಒಂದೆರಡು ದಿನದಲ್ಲಿ ದುಡ್ಡು ಸೇರುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮದವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡದಿದ್ದರೆ ಆ ವರ್ಷ ಅದನ್ನು ಖರ್ಚು ಎಂದು ತೋರಿಸಲಾಗದು ಎಂಬ ಆದಾಯ ತೆರಿಗೆಯ ನಿಯಮ 2024ರ ಏಪ್ರಿಲ್‌ನಿಂದ ಬಂದ ಮೇಲೆ ಇದಕ್ಕೊಂದು ಬೆಲೆ ಬಂದಿದೆ. ಆದರೆ 45 ದಿನಕ್ಕೆ ಶೇ 2 ಎಂದರೆ ವರ್ಷಕ್ಕೆ ಶೇ 16 ಆಯಿತು. ನಿಮ್ಮ ಓವರ್‌ಡ್ರಾಫ್ಟ್ (ಓಡಿ) ಸಾಲದ ಖಾತೆಯ ಬಡ್ಡಿ ಅದಕ್ಕಿಂತ ಕಡಿಮೆಯಿದ್ದರೆ ಅಲ್ಲಿಂದಲೇ ತೆಗೆಯುವುದು ಲೇಸು.

ಎಲ್ಲಕ್ಕಿಂತ ದೊಡ್ಡ ಬಾಯಿ ಬಾಕಿ ಉಳಿಸುವುದು. ತಿಂಗಳಿಗೆ ಶೇ 3.5 ಬಡ್ಡಿ ಇಲ್ಲಿ ಸಾಮಾನ್ಯ, ಅದು ವರ್ಷಕ್ಕೆ ಶೇ 42. ಅದರ ಮೇಲೆ ಶೇ 18 ಜಿಎಸ್‌ಟಿ. ಒಂದು ಲಕ್ಷ ಬಾಕಿ ಒಂದು ತಿಂಗಳು ಉಳಿದರೆ 3,500 ಮತ್ತು 630, ಒಟ್ಟು 4,130 ರೂಪಾಯಿ. ಗೆಳೆಯ ಇಡೀ ವರ್ಷ ಕಾರ್ಡು ಉಜ್ಜಿ ಗಳಿಸುತ್ತಿದ್ದ 4,072 ಒಂದೇ ತಿಂಗಳಲ್ಲಿ ಖಲಾಸ್. "ಮಿನಿಮಮ್ ಡ್ಯೂ", ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ, ಕಟ್ಟಿದರೆ ತಡದ ದಂಡ ತಪ್ಪುತ್ತದೆಯೇ ಹೊರತು ಬಡ್ಡಿ ತಪ್ಪುವುದಿಲ್ಲ. ಬಡ್ಡಿ ಕೊಂಡ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ, ಹೊಸ ಖರೀದಿಗೂ ವಾಯಿದೆ ಸಿಗುವುದಿಲ್ಲ. ಕಾರ್ಡಿನ ಬಡ್ಡಿ ಶೇ 30 ದಾಟಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ ಹಿಂದೆ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಎರಡು ತಿಂಗಳಿಗೊಮ್ಮೆಯಾದರೂ ಬಾಕಿ ಉಳಿಸುವ ಅಭ್ಯಾಸ ಇದ್ದವರಿಗೆ ಯಾವ ಪಾಯಿಂಟಿನ ಕಾರ್ಡೂ ಬೇಡ.

ಹೊರದೇಶದ ಖರ್ಚಿಗೆ ಸಾಮಾನ್ಯವಾಗಿ ಶೇ 3.5 ಹೆಚ್ಚುವರಿ, ಅದಕ್ಕೂ ಜಿಎಸ್‌ಟಿ ಸೇರಿ ಶೇ 4.13. ಡಾಲರಿನಲ್ಲಿ ಬಿಲ್ಲಾಗುವ ವಿನ್ಯಾಸದ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ಕಟ್ಟುವವರಿಗೆ ಇದು ಗೊತ್ತೇ ಆಗದೆ ಸೋರುತ್ತಿರುತ್ತದೆ. ಅಂಥವರು ಪಾಯಿಂಟು ನೋಡುವ ಮೊದಲು ಈ ದರ ಕಡಿಮೆ ಇರುವ ಕಾರ್ಡು ಹುಡುಕಲಿ.

ಶೆಡ್ಡಿನ ಬಾಡಿಗೆ ಕಾರ್ಡಿನಲ್ಲಿ ಕಟ್ಟುವ ಆ್ಯಪ್‌ಗಳ ಕಾಲವೊಂದಿತ್ತು. ಕೆಲವರು ಹೆಂಡತಿಯ ಹೆಸರಿಗೆ "ಬಾಡಿಗೆ" ಕಳಿಸಿ ತಮ್ಮ ದುಡ್ಡನ್ನೇ ಸುತ್ತು ಹಾಕಿಸಿ ಪಾಯಿಂಟು ಗಳಿಸಿದರು. ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರ್‌ನಲ್ಲಿ ಪಾವತಿ ಕಂಪನಿಗಳ ನಿಯಮ ಬಿಗಿ ಮಾಡಿದ ಮೇಲೆ ಹಲವು ಆ್ಯಪ್‌ಗಳು ಆ ಸೇವೆಯನ್ನೇ ನಿಲ್ಲಿಸಿದವು. ಅದಕ್ಕೂ ಮೊದಲು, 2024ರ ಫೆಬ್ರುವರಿಯಲ್ಲಿ, ಕಾರ್ಡು ತೆಗೆದುಕೊಳ್ಳದ ವ್ಯಾಪಾರಿಗಳಿಗೆ ಮಧ್ಯವರ್ತಿಗಳ ಮೂಲಕ ಕಾರ್ಡಿನಿಂದ ದುಡ್ಡು ಕಳಿಸುವ ಒಂದು ಏರ್ಪಾಟನ್ನೂ ರಿಸರ್ವ್ ಬ್ಯಾಂಕ್ ತಡೆದಿತ್ತು. ಇಂಥ ದಾರಿ ತೋರಿಸಿ ಕಾರ್ಡು ಮಾರುವವರು ಈಗಲೂ ಸಿಗುತ್ತಾರೆ. ದೂರವಿರಿ.

ಬಿಸಿನೆಸ್ ಕಾರ್ಡೇ ಯಾಕೆ?

ಕೈಯಲ್ಲಿರುವ ಸ್ವಂತ ಕಾರ್ಡಿನಲ್ಲೇ ವ್ಯಾಪಾರ ನಡೆಸಿದರೇನು ಎಂದು ಬಹಳ ಜನ ಕೇಳುತ್ತಾರೆ. ಮೊದಲನೆಯದಾಗಿ ಸ್ವಂತ ಕಾರ್ಡಿನ ಕರಾರಿನಲ್ಲಿ ವ್ಯಾಪಾರಕ್ಕೆ ಬಳಸಬಾರದು ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಇನ್ನೊಂದು, ಕೆಲವು ಬಿಸಿನೆಸ್ ಕಾರ್ಡುಗಳು ತೆರಿಗೆ ಕಟ್ಟಿದರೂ ಪಾಯಿಂಟು ಕೊಡುತ್ತವೆ, ಸ್ವಂತದವು ಹೆಚ್ಚಾಗಿ ಕೊಡುವುದಿಲ್ಲ. ನನ್ನ ಗೆಳೆಯನ 60 ಸಾವಿರ ಜಿಎಸ್‌ಟಿ ಅಂಥದ್ದರಲ್ಲಿ ಹೋದರೆ ಅವನ ಲೆಕ್ಕವೇ ಬದಲಾಗುತ್ತದೆ. ತೆರಿಗೆ ಕಟ್ಟುವಾಗ ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ಪಾವತಿ ಸಾಗಿಸುವ ಮಧ್ಯವರ್ತಿ, ಹಿಡಿಯುವ ಶುಲ್ಕ ಪಾಯಿಂಟಿನ ಬೆಲೆಗಿಂತ ಕಡಿಮೆಯೇ ಎಂದು ನೋಡಿಕೊಂಡರಾಯಿತು.

ಲೆಕ್ಕ ಬರೆಯುವ ನನ್ನಂಥವರಿಗೆ ಮೂರನೆಯ ಕಾರಣವೇ ಪ್ರಿಯ. ಮಗಳ ಮದುವೆಯ ಸೀರೆಯೂ ಲೇತ್ ಮಷಿನಿನ ಬೆಲ್ಟೂ ಒಂದೇ ಸ್ಟೇಟ್‌ಮೆಂಟಿನಲ್ಲಿ ಬಂದರೆ ಮಾರ್ಚ್ ತಿಂಗಳ ರಾತ್ರಿಗಳು ಅದನ್ನು ಬೇರ್ಪಡಿಸುವುದರಲ್ಲೇ ಹೋಗುತ್ತವೆ. ಕಾರ್ಡು ಸಂಸ್ಥೆಯ ಜಿಎಸ್‌ಟಿ ನಂಬರಿನಲ್ಲಿ ಇದ್ದರೆ ವಾರ್ಷಿಕ ಶುಲ್ಕದ ಮೇಲಿನ ತೆರಿಗೆಯನ್ನು ಹಿಂಪಡೆಯಬಹುದು. ಮೇಲಿನ ಲೆಕ್ಕದಲ್ಲಿ 5,000ದ ಮೇಲಿನ 900 ರೂಪಾಯಿಯನ್ನು ನಾನು ಬಿಟ್ಟದ್ದು ಅದಕ್ಕೇ. ಆದರೆ ಖರೀದಿಯ ವಿಷಯಕ್ಕೆ ಬಂದರೆ ಕಾರ್ಡಿನ ಸ್ಟೇಟ್‌ಮೆಂಟ್ ತೆರಿಗೆ ಬಿಲ್ಲಲ್ಲ. ಮಾರಿದವರಿಂದ ನಿಮ್ಮ ಜಿಎಸ್‌ಟಿ ನಂಬರಿರುವ ಬಿಲ್ಲು ಬೇಕೇ ಬೇಕು. ಪರ ರಾಜ್ಯದ ಹೋಟೆಲಿನಲ್ಲಿ ಅದೂ ನಡೆಯುವುದಿಲ್ಲ. ಮುಂಬಯಿಯ ಹೋಟೆಲಿನವರು ಹಾಕುವುದು ಮಹಾರಾಷ್ಟ್ರದ ತೆರಿಗೆ, ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವವರು ಅದನ್ನು ಹಿಂಪಡೆಯಲಾರರು.  ಹೀಗೆ ನೋಡಿದರೆ ಪಾಯಿಂಟನ್ನು ವಿಮಾನಕ್ಕಿಂತ ಪರ ರಾಜ್ಯದ ಹೋಟೆಲಿಗೆ ಸುರಿಯುವುದೇ ಜಾಣತನ, ಅಲ್ಲಿ ಬಿಟ್ಟುಕೊಡಲು ತೆರಿಗೆಯ ವಾಪಸಾತಿ ಇಲ್ಲವಲ್ಲ!

ಸಾಲದ ಹೊಣೆ ಯಾರದು ಎಂಬುದನ್ನು ಕರಾರಿನಲ್ಲಿ ಓದಿಯೇ ಸಹಿ ಹಾಕಿ. ಸಂಸ್ಥೆಯ ಹೆಸರಿನ ಕಾರ್ಡಾದರೂ ಸಣ್ಣ ಉದ್ಯಮಗಳಲ್ಲಿ ಮಾಲೀಕರ ಕೊರಳಿಗೇ ಕಟ್ಟಿರುವುದು ಹೆಚ್ಚು. ಪಾಯಿಂಟು ಯಾರದು ಎಂಬುದೂ ಅಷ್ಟೇ ಮುಖ್ಯ. ವಿಮಾನ ಕಂಪನಿಯ ಸದಸ್ಯತ್ವ ಸಾಮಾನ್ಯವಾಗಿ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಇರುತ್ತದೆ, ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಲ್ಲ. ಅಣ್ಣ ತಮ್ಮ ಇಬ್ಬರ ಪಾಲಿನ ಒಂದು ಸಂಸ್ಥೆಯಲ್ಲಿ ಎಲ್ಲ ಪಾಯಿಂಟೂ ಅಣ್ಣನ ಖಾತೆಗೆ ಹೋಗಿ, ಅಣ್ಣ ಅತ್ತಿಗೆ ಅದರಲ್ಲಿ ದುಬೈಗೆ ಹೋಗಿಬಂದು, ತಮ್ಮ ಲಾಭದ ಹಂಚಿಕೆಯ ದಿನ ನನ್ನ ಮುಂದೆ ಕೂತು, "ದುಬೈದ್ದು ಎಷ್ಟು ಬರಿತೀರಿ ಸರ?" ಎಂದು ಕೇಳಿದ್ದು ನೆನಪಿದೆ. ಅಂದಿನಿಂದ ಪಾಲುದಾರರಿಗೆಲ್ಲ ಇದನ್ನು ಮೊದಲೇ ಒಂದು ಚೀಟಿಯಲ್ಲಿ ಬರೆದಿಡಿ ಎನ್ನುತ್ತೇನೆ. ಕಂಪನಿಯ ಕಾರ್ಡನ್ನು ನೌಕರರ ಕೈಗೆ ಕೊಟ್ಟರೆ ಖರ್ಚು ಪೂರ್ತಿ ಕಚೇರಿ ಕೆಲಸದ್ದು ಎಂಬ ದಾಖಲೆ ಇಡಬೇಕು, ಇಲ್ಲದಿದ್ದರೆ ಅದು ಅವರ ಆದಾಯದ ಲೆಕ್ಕಕ್ಕೆ ಸೇರುತ್ತದೆ.

ಇನ್ನು ಪಾಯಿಂಟನ್ನು ಎಷ್ಟು ದಿನ ಕೂಡಿಡಬಹುದು? ಕೂಡಿಡಲೇಬಾರದು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೇ ಕಚೇರಿ ಇದ್ದ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದಾಗ ಜನ ಕೂಡಿಟ್ಟ ಕಿಂಗ್ ಮೈಲ್ಸ್ ಕೂಡ ಅದರ ಜೊತೆಗೇ ಇಳಿದವು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತಾಗ ಅದರ ಮೈಲುಗಳು ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಉಳಿದವು, ಹಾರಲು ಜೆಟ್ ಇರಲಿಲ್ಲ. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿಹೋದಾಗ ಸದಸ್ಯರ ಪಾಯಿಂಟು ಅಲ್ಲಿಗೆ ವರ್ಗವಾದವು. ಕಂಪನಿ ಗಟ್ಟಿಯಾಗಿದ್ದರೂ ಇಂದು 9,000 ಪಾಯಿಂಟಿಗೆ ಸಿಗುವ ಟಿಕೆಟ್ ನಾಳೆ 12,000 ಆಗಬಹುದು, ಯಾರನ್ನೂ ಕೇಳಬೇಕಿಲ್ಲ. ಅದಕ್ಕೇ ಒಂದೇ ವಿಮಾನ ಕಂಪನಿಗೆ ಗಂಟು ಹಾಕಿದ ಕಾರ್ಡಿಗಿಂತ ಪಾಯಿಂಟು ಬ್ಯಾಂಕಿನಲ್ಲೇ ಇದ್ದು ಬೇಕಾದಾಗ ನಾಲ್ಕಾರು ಕಡೆ ವರ್ಗಾಯಿಸಬಹುದಾದ ಕಾರ್ಡು ನನಗೆ ಮೇಲು ಅನಿಸುತ್ತದೆ. ಟಿಕೆಟ್ ಕಣ್ಣೆದುರು ಕಂಡ ಮೇಲೆ ವರ್ಗಾಯಿಸಿ, ಅದಕ್ಕೂ ಮೊದಲು ಬೇಡ.

ಕಾರ್ಡು ತೋರಿಸಿದರೆ ಪುಕ್ಕಟೆ ಒಳಬಿಡುವ ವಿಮಾನ ನಿಲ್ದಾಣದ ಲಾಂಜಿನ ಬಗ್ಗೆ ಗೆಳೆಯ ಎರಡು ಸಲ ಕೇಳಿದ. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಎಂಬ ಷರತ್ತು ಈಗ ಹಲವು ಕಾರ್ಡುಗಳಲ್ಲಿದೆ. ಇಡ್ಲಿ, ಕಾಫಿಗಾಗಿ ಕಾರ್ಡು ಆರಿಸಬೇಡ ಎಂದೆ.

ಕೊನೆಗೆ ಅವನು ತೆಗೆದುಕೊಂಡದ್ದು ಸಪ್ಪೆ ಕಾರ್ಡು. ಬೇಡ ಅನಿಸಿದರೆ ಮುಚ್ಚುವುದೂ ಕಷ್ಟವಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಬಾಕಿ ತೀರಿಸಿ ಕೇಳಿದರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಬಿಲ್ಲಿನ ತಾರೀಖನ್ನು ನಮಗೆ ಬೇಕಾದಂತೆ ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವೂ ಇದೆ. ಅವನ ಗಿರಾಕಿಗಳ ದುಡ್ಡು ಬರುವುದು ತಿಂಗಳ ಮೊದಲ ವಾರ, ಜಿಎಸ್‌ಟಿ ಕಟ್ಟುವುದು 20ಕ್ಕೆ. ಕಾರ್ಡಿನ ಗಡುವು 20ರ ಹತ್ತಿರ ಬಿದ್ದಿತ್ತು. ಅದನ್ನು 10ಕ್ಕೆ ಸರಿಸಿದೆವು, ಪೂರ್ತಿ ಬಾಕಿ ಖಾತೆಯಿಂದ ತಾನಾಗಿಯೇ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆವು.

ಸಿಂಗಾಪುರದ ಮಾತು ಸದ್ಯ ನಿಂತಿದೆ. ಮೊನ್ನೆ ಫೋನ್ ಮಾಡಿ, "ಪುಣೆ ಬಸ್ಸಿಗೆ ಪಾಯಿಂಟು ನಡೀತದೇನು?" ಎಂದು ಕೇಳಿದ. ಬ್ಯಾಂಕಿನ ಪ್ರಯಾಣದ ತಾಣದಲ್ಲಿ ನೋಡಿದೆ. ನಡೆಯುತ್ತದೆ, ಸ್ಲೀಪರ್‌ಗೂ.